ಮುಪ್ಪಿನ ಮಿದುಳನ್ನು ಅಳೆಯುವವರು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಲ್ಲಿ ಒಂದು ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿತು. ವಯಸ್ಸು 45 ತುಂಬಿದ, ಮರೆವಿನ ಕಾಯಿಲೆ ಇನ್ನೂ ತಗುಲದ ಹತ್ತು ಸಾವಿರ ಗ್ರಾಮಸ್ಥರನ್ನು ಸೇರಿಸಿಕೊಂಡು, ಅವರ ಮಿದುಳು ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ವರ್ಷಗಟ್ಟಲೆ ಗಮನಿಸುವುದು ಇದರ ಗುರಿ. ‘ಸ್ಯಾನ್ಸ್‌ಕಾಗ್’ ಎಂಬ ಹೆಸರಿನ ಈ ಅಧ್ಯಯನಕ್ಕೆ ಜೋಡಿಯಾಗಿ, ಟಾಟಾ ಟ್ರಸ್ಟ್‌ಗಳ ನೆರವಿನಿಂದ ನಗರವಾಸಿಗಳ ಅಧ್ಯಯನವೊಂದೂ ನಡೆದಿದೆ. ಮುಪ್ಪಿನ ಮಿದುಳಿನ ಬಗ್ಗೆ ವೈದ್ಯಶಾಸ್ತ್ರಕ್ಕೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಅಮೆರಿಕ ಮತ್ತು ಯುರೋಪಿನ ಓದು ಬಲ್ಲ ಜನರಿಂದ ಬಂದದ್ದಾದ್ದರಿಂದ, ಶ್ರೀನಿವಾಸಪುರದ ಕೆಲಸಕ್ಕೆ ವಿಶೇಷ ಬೆಲೆಯಿದೆ.

ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾದ ಅಗತ್ಯ ಏನೆಂಬುದು ಅಮೆರಿಕದ ಮನೋವಿಜ್ಞಾನಿ ವಾರ್ನರ್ ಶಾಯಿ ಅವರ ಕೆಲಸದಿಂದ ಸ್ಪಷ್ಟವಾಗುತ್ತದೆ. ಒಂದೇ ದಿನ ಇಪ್ಪತ್ತರ ಯುವಕನನ್ನೂ ಎಪ್ಪತ್ತರ ವೃದ್ಧನನ್ನೂ ಪರೀಕ್ಷೆಗೆ ಕೂರಿಸಿ ಅಂಕಗಳನ್ನು ಹೋಲಿಸಿದರೆ, ಬುದ್ಧಿಶಕ್ತಿಯು ಯೌವನ ಕಳೆಯುತ್ತಿದ್ದಂತೆಯೇ ಇಳಿಯತೊಡಗುತ್ತದೆ ಎಂದು ತೋರುತ್ತದೆ; ಆದರೆ ಆ ಇಬ್ಬರ ನಡುವೆ ವಯಸ್ಸಿನ ಅಂತರವಷ್ಟೇ ಅಲ್ಲದೆ ಶಾಲೆ, ಆಹಾರ, ಬಾಲ್ಯದ ಆರೋಗ್ಯ ಇವೆಲ್ಲದರ ಅಂತರವೂ ಇರುತ್ತದೆ. ಶಾಯಿ 1956ರಲ್ಲಿ ಸಿಯಾಟಲ್‌ನಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಅದೇ ವ್ಯಕ್ತಿಗಳನ್ನು ಏಳು ವರ್ಷಗಳಿಗೊಮ್ಮೆ ಪರೀಕ್ಷಿಸುತ್ತ ಹೋದಾಗ, ಬಹುಪಾಲು ಸಾಮರ್ಥ್ಯಗಳು ಅರವತ್ತರ ಹೊತ್ತಿನವರೆಗೂ ಹೆಚ್ಚೇನೂ ಕುಗ್ಗುವುದಿಲ್ಲವೆಂದು, ಗ್ರಹಿಕೆಯ ವೇಗ ಮಾತ್ರ ಅದಕ್ಕಿಂತ ಮೊದಲೇ ತಗ್ಗುತ್ತದೆಂದು ಕಂಡುಬಂತು. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಎಲ್ಲರಿಗೂ ಒಪ್ಪುವ ಮಾತಲ್ಲ. ಒಬ್ಬರ ಮಿದುಳಿಗೂ ಇನ್ನೊಬ್ಬರ ಮಿದುಳಿಗೂ ಇರುವ ವ್ಯತ್ಯಾಸವು ವಯಸ್ಸಾದಂತೆ ಹೆಚ್ಚುತ್ತಲೇ ಹೋಗುತ್ತದೆ.

ಇಂಥ ಅಧ್ಯಯನದಲ್ಲಿ ಒಂದೇ ಬಗೆಯ ತಜ್ಞರು ಇರುವುದಿಲ್ಲ. ನೆನಪು, ಗಮನ, ಭಾಷೆ, ತೀರ್ಮಾನಶಕ್ತಿ ಇವನ್ನೆಲ್ಲ ಒಟ್ಟಾಗಿ ಅರಿವಿನ ಸಾಮರ್ಥ್ಯವೆಂದು ಕರೆದು, ಅದನ್ನು ಅಂಕಗಳಲ್ಲಿ ಅಳೆಯುವವರು ಮನೋವಿಜ್ಞಾನಿಗಳು. ಕಾಂತಕ್ಷೇತ್ರದ ನೆರವಿನಿಂದ ದೇಹದ ಒಳಚಿತ್ರ ತೆಗೆಯುವ ಎಂಆರ್‌ಐ ಯಂತ್ರದ ಚಿತ್ರಗಳನ್ನು ಓದುವವರು, ಹೊಸ ನೆನಪುಗಳು ನೆಲೆಗೊಳ್ಳಲು ಬೇಕಾದ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವು ಎಷ್ಟು ಕುಗ್ಗಿದೆಯೆಂದು ಲೆಕ್ಕ ಹಾಕುತ್ತಾರೆ. ಇಳಿವಯಸ್ಸಿನಲ್ಲಿ ಅದು ವರ್ಷಕ್ಕೆ ಶೇಕಡಾ 1ರಿಂದ 2ರಷ್ಟು ಸಣ್ಣದಾಗುವುದುಂಟು. ರಕ್ತ, ವಂಶವಾಹಿ ಮತ್ತು ಹೃದಯದ ಪರೀಕ್ಷೆ ಮಾಡುವವರು ಬೇರೆ, ಆ ಅಂಕಿಗಳನ್ನೆಲ್ಲ ಒಂದೆಡೆ ತಂದು ಹೋಲಿಸುವ ಸಂಖ್ಯಾಶಾಸ್ತ್ರಜ್ಞರು ಬೇರೆ. ಇವರೆಲ್ಲರಿಗಿಂತ ಮೊದಲು ಮನೆಮನೆಗೆ ಹೋಗಿ, ಕಾಯಿಲೆಯೇ ಇಲ್ಲದವರಿಗೆ ಪರೀಕ್ಷೆ ಏಕೆ ಬೇಕೆಂದು ವಿವರಿಸಿ ಒಪ್ಪಿಸುವ ಕ್ಷೇತ್ರ ಕಾರ್ಯಕರ್ತರಿದ್ದಾರೆ. ಅಧ್ಯಯನದ ಬುನಾದಿ ಅವರೇ ಎಂಬ ಮಾತನ್ನು ಇಲ್ಲಿ ಹೇಳಲೇಬೇಕು.

ಅರಿವನ್ನು ಅಳೆಯುವ ಕೋಲು ಯಾವುದೆಂಬುದು ಇವರ ಮುಂದಿರುವ ಕಠಿಣ ಪ್ರಶ್ನೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ, 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಕಿರುಪರೀಕ್ಷೆಯೊಂದು ಇಂದಿನ ತಾರೀಖು ಕೇಳುತ್ತದೆ, ನೂರರಿಂದ ಏಳೇಳನ್ನು ಕಳೆಯುತ್ತ ಬರಲು ಹೇಳುತ್ತದೆ, ಒಂದು ವಾಕ್ಯ ಬರೆಯಿಸುತ್ತದೆ. ಜೀವನವಿಡೀ ಹೊಲ ಮನೆ ದನಕರುಗಳನ್ನು ನೋಡಿಕೊಂಡು, ಸಂತೆಯ ಲೆಕ್ಕವನ್ನು ಬಾಯಲ್ಲೇ ಮಾಡಿ, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೊಬ್ಬರು ಈ ಪರೀಕ್ಷೆಯಲ್ಲಿ ಸೋತರೆ ಅದು ಮರೆವಿನ ಲಕ್ಷಣವಲ್ಲ, ಅಕ್ಷರ ದಕ್ಕದಿದ್ದುದರ ಗುರುತು. ಸಂಶೋಧಕಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಇದನ್ನು ಹಿಂದಿಯಲ್ಲಿ ಹೊಸದಾಗಿ ರೂಪಿಸಿ 1995ರಲ್ಲಿ ಪ್ರಕಟಿಸಿದಾಗ, ಓದುಬರಹ ಬೇಡುವ ಪ್ರಶ್ನೆಗಳನ್ನು ತೆಗೆದುಹಾಕಿ, ವಾರದ ದಿನಗಳನ್ನು ಹಿಮ್ಮುಖವಾಗಿ ಹೇಳಿಸಿದರು, ವಾಕ್ಯ ಬರೆಯಿಸುವ ಬದಲು ಮನೆಯ ಬಗ್ಗೆ ಏನಾದರೂ ಹೇಳಲು ಕೇಳಿದರು. ಪದಗಳನ್ನು ಭಾಷಾಂತರಿಸಿದ ಮಾತ್ರಕ್ಕೆ ಪರೀಕ್ಷೆಯು ಆ ಊರಿನದಾಗುವುದಿಲ್ಲ, ಪ್ರಶ್ನೆಯು ಆ ಬದುಕಿನೊಳಗಿಂದ ಹುಟ್ಟಬೇಕು ಎಂಬುದನ್ನು ಈ ಕೆಲಸ ತೋರಿಸಿಕೊಟ್ಟಿತು. ಆಂಧ್ರದ ಗಡಿಗೆ ತಾಗಿರುವ, ಕನ್ನಡ ತೆಲುಗುಗಳೆರಡೂ ಮನೆಮಾತಾಗಿರುವ ಶ್ರೀನಿವಾಸಪುರದಲ್ಲಿಯೂ ಇದೇ ಎಚ್ಚರ ಬೇಕು.

ಎರಡು ಭಾಷೆಗಳ ಈ ಸಂಗತಿಗೆ ಇನ್ನೊಂದು ಮುಖವಿದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರವೈದ್ಯೆ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ, ಅಂದರೆ ದಿನನಿತ್ಯದ ಬದುಕನ್ನೇ ಕೆಡಿಸುವಷ್ಟು ಅರಿವು ಕುಸಿಯುವ ಸ್ಥಿತಿ, ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಕಲಿಯದವರಲ್ಲಿಯೂ ಈ ಅಂತರ ಇತ್ತೆಂಬುದು ಗಮನಾರ್ಹ. ಬದುಕಿನುದ್ದಕ್ಕೂ ಮಿದುಳಿಗೆ ಸಿಕ್ಕ ಕೆಲಸದಿಂದ ಕೂಡಿಬಂದ ಶಕ್ತಿಯು ಕಾಯಿಲೆಯ ಪೆಟ್ಟನ್ನು ಕೆಲಕಾಲ ತಾಳಿಕೊಳ್ಳುತ್ತದೆ ಎಂಬ ವಿವರಣೆಯನ್ನು ಸಂಶೋಧಕರು ಕೊಡುತ್ತಾರೆ. ಇದಕ್ಕೆ ಅರಿವಿನ ಮೀಸಲು ಎಂದು ಹೆಸರು. ಆರೋಗ್ಯವಂತರನ್ನು ವರ್ಷಗಟ್ಟಲೆ ಗಮನಿಸಿದ ಬೇರೆಡೆಯ ಕೆಲವು ಅಧ್ಯಯನಗಳಲ್ಲಿ ಈ ಲಾಭ ಕಾಣದೆ ಹೋಗಿರುವುದರಿಂದ ಮಾತು ಇನ್ನೂ ಇತ್ಯರ್ಥವಾಗಿಲ್ಲ. ದ್ವಿಭಾಷಿಕರ ತಾಲ್ಲೂಕೊಂದರ ದೀರ್ಘಕಾಲದ ದಾಖಲೆ ಇಂಥಲ್ಲಿಯೇ ನೆರವಿಗೆ ಬರಬೇಕು.

ಭಾರತದಲ್ಲಿ 60 ದಾಟಿದವರ ಪೈಕಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜೊಂದು ತಿಳಿಸಿದೆ. ನಗರಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಈ ಪ್ರಮಾಣ ಹೆಚ್ಚು. ಮಂದವಾದ ಕಿವಿ, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಬಾಲ್ಯದಲ್ಲಿ ದೊರೆಯದ ಶಿಕ್ಷಣ, ಒಂಟಿತನ ಮೊದಲಾದ 14 ಕಾರಣಗಳನ್ನು ನಿವಾರಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಲೆಕ್ಕ ಹಾಕಿತು. ನಮ್ಮ ಹಳ್ಳಿಗಳಲ್ಲಿ ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಹೇಳಲು ಪರದೇಶದ ಲೆಕ್ಕ ಸಾಲದು.

ಅದನ್ನು ಹೇಳಬಲ್ಲ ಅಧ್ಯಯನಕ್ಕೆ ಬೇಕಾದ ಮುಖ್ಯ ವಸ್ತು ಕಾಲ. ಕಾಯಿಲೆಯ ಬದಲಾವಣೆಗಳು ಮರೆವು ಕಾಣುವುದಕ್ಕೆ ಹತ್ತು, ಹದಿನೈದು ವರ್ಷ ಮೊದಲೇ ಮಿದುಳಿನಲ್ಲಿ ಆರಂಭವಾಗುತ್ತವೆ. ಸೇರಿದವರು ನಡುವೆ ಬಿಟ್ಟುಹೋದರೆ, ಹಣ ನಿಂತರೆ, ಅದುವರೆಗಿನ ಶ್ರಮವೂ ಅರ್ಧಕ್ಕೆ ನಿಲ್ಲುತ್ತದೆ. ಮೂರು, ಐದು ವರ್ಷಗಳ ಅನುದಾನದ ಲೆಕ್ಕಾಚಾರದಲ್ಲಿ ಇಂಥ ಕೆಲಸವನ್ನು ತೂಗುವುದು ತಪ್ಪು. ಶ್ರೀನಿವಾಸಪುರದಲ್ಲಿ 2018ರಲ್ಲಿ 45ನೆಯ ವಯಸ್ಸಿಗೆ ಹೆಸರು ಕೊಟ್ಟವರಿಗೆ ಅರವತ್ತು ತುಂಬುವುದು 2033ರಲ್ಲಿ. ಅಲ್ಲಿಯವರೆಗಾದರೂ ಅವರ ಮನೆಬಾಗಿಲಿಗೆ ಸಂಶೋಧಕರು ಹೋಗುತ್ತಲೇ ಇರುವಂತೆ ನೋಡಿಕೊಳ್ಳುವುದು ಸರ್ಕಾರದ ಮತ್ತು ದಾನಿಗಳ ಹೊಣೆ.