ನಿಮಗಿದು ಗೊತ್ತೇ? ಬಾಣಂತಿಯ ಕಬ್ಬಿಣದ ಲೆಕ್ಕ

ಮಗು ನೋಡಲು ಬಂದವರೆಲ್ಲ ಕೇಳುವುದು ಒಂದೇ ಮಾತು: ‘ಕೂಸು ಎಷ್ಟು ತೂಕ ಇದೆ?’ ಮೂರು ಕೆ.ಜಿ. ಎಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಾರೆ. ‘ಹೆತ್ತವಳಿಗೆ ಹೆಚ್‌ಬಿ ಎಷ್ಟಿದೆ?’ ಎಂದು ಕೇಳಿದವರುಂಟೇ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಯ ಬಾಣಂತಿಮನೆಗೆ ಹೋದರೂ ಕತೆ ಇದೇ. ಹೆಚ್‌ಬಿ ಎಂದರೆ ಹಿಮೋಗ್ಲೋಬಿನ್, ರಕ್ತದೊಳಗಿನ ಕಬ್ಬಿಣದ ಅಂಶ. ಯಾರೂ ಕೇಳದ ಆ ಪ್ರಶ್ನೆಯ ಸುತ್ತಲಿನ ಒಂದಿಷ್ಟು ಸಂಗತಿಗಳು ಇಲ್ಲಿವೆ.

● ಹೆಂಗಸಿನ ಮೈಯಲ್ಲಿರುವ ಕಬ್ಬಿಣವನ್ನೆಲ್ಲ ಒಟ್ಟುಗೂಡಿಸಿದರೂ 2ರಿಂದ 3 ಗ್ರಾಂ. ಗೋಡೆಗೆ ಕ್ಯಾಲೆಂಡರ್ ನೇತುಹಾಕುವ ಒಂದು ಮೊಳೆಯಷ್ಟು! ಒಂದು ಬಸಿರಿಗೆ ಬೇಕಾಗುವ ಕಬ್ಬಿಣ ಸುಮಾರು 1 ಗ್ರಾಂ. ಅಂದರೆ ಆ ಮೊಳೆಯ ಮೂರನೇ ಒಂದರಿಂದ ಅರ್ಧದಷ್ಟು ಭಾಗ.

● ಸಹಜ ಹೆರಿಗೆಯಲ್ಲಿ ಅರ್ಧ ಲೀಟರಿನೊಳಗೆ ರಕ್ತ ಹೋದರೆ ವೈದ್ಯರು ಗಾಬರಿಪಡುವುದಿಲ್ಲ. ಸಿಸೇರಿಯನ್‌ನಲ್ಲಿ ಒಂದು ಲೀಟರ್‌ವರೆಗೂ ಹೋಗಬಹುದು. ಅರ್ಧ ಲೀಟರ್ ರಕ್ತದ ಜೊತೆ ಹೊರಟುಹೋಗುವ ಕಬ್ಬಿಣ ಸುಮಾರು 200 ಮಿಲಿಗ್ರಾಂ. ನಿತ್ಯದ ಊಟದಿಂದ ಮೈಗೆ ಹತ್ತುವುದು 1ರಿಂದ 2 ಮಿಲಿಗ್ರಾಂ. ಅದರಲ್ಲೂ ಅರ್ಧಕ್ಕರ್ಧ ದಿನದ ಖರ್ಚಿಗೇ ಸರಿ. ಈ ಸಾಲ ಬರೀ ಊಟದಿಂದ ತೀರಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು.

● ಹೆರಿಗೆಯಲ್ಲಿ ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಲೆಕ್ಕ ತಪ್ಪುತ್ತದೆ. ಇದನ್ನು ತೋರಿಸಿಕೊಟ್ಟಿದ್ದು ನಮ್ಮ ಬೆಳಗಾವಿ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹೊದಿಕೆಯೊಂದನ್ನು ಬಾಣಂತಿಯ ಕೆಳಗೆ ಹಾಸಿ ರಕ್ತವನ್ನು ಅಳೆದರು. ಕಣ್ಣಂದಾಜು ಅದಕ್ಕಿಂತ ಶೇಕಡ 33 ಕಡಿಮೆ ಬಂದಿತ್ತು! ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲೂ ಇಂಥದ್ದೇ ಅಳತೆಯ ಹೊದಿಕೆ ಬಳಕೆಯಾಯಿತು.

● ಹೆಚ್‌ಬಿ ಎಷ್ಟಿರಬೇಕು? ಸಾಮಾನ್ಯ ಹೆಂಗಸಿಗೆ 12 ಗ್ರಾಂ, ಬಸುರಿಗೆ 11. ಬಸುರಿಯಲ್ಲಿ ಅದು 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತ ಕಮ್ಮಿ. ಹೆಚ್ಚುಕಡಿಮೆ ಅರ್ಧ ಮಂದಿಯ ಸಾಲ ಹೆರಿಗೆಗೆ ಮೊದಲೇ ಶುರುವಾಗಿರುತ್ತದೆ ಎಂದಾಯಿತು.

● ಆಶಾ ಕಾರ್ಯಕರ್ತೆ ತಂದುಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಬಸಿರಿನಲ್ಲಿ 180 ದಿನ ನುಂಗಬೇಕೆಂಬುದು ಬಹಳ ಮಂದಿಗೆ ಗೊತ್ತು. ಹೆರಿಗೆಯಾದ ಮೇಲೂ ಮತ್ತೆ 180 ದಿನ ನುಂಗಬೇಕು ಎಂಬುದು? ತೊಟ್ಟಿಲು ಕಟ್ಟಿದ ದಿನವೇ ಆ ಮಾತ್ರೆಪಟ್ಟಿ ಅಲಮಾರದ ಮೇಲೆ, ಹಳೇ ತಾಯಿ ಕಾರ್ಡಿನ ಕೆಳಗೆ ಸೇರಿಬಿಟ್ಟಿರುತ್ತದೆ. ನಾಮಕರಣಕ್ಕೆ ಮನೆ ಗುಡಿಸುವಾಗ ಸಿಕ್ಕರೆ ಪುಣ್ಯ.

● ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ. ಹೆದರಬೇಕಿಲ್ಲ, ಕರುಳು ಹೀರಿಕೊಳ್ಳದೆ ಬಿಟ್ಟ ಕಬ್ಬಿಣ ಅದು. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ಮಲಬದ್ಧತೆಯಾದರೆ ನೀರು ಹೆಚ್ಚು ಕುಡಿಯಬೇಕು. ‘ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪ ಬರುತ್ತೆ’ ಎಂದು ಲೋಟ ಕಿತ್ತುಕೊಳ್ಳುವ ಮನೆಯಲ್ಲಿ ಮಾತ್ರೆ ಮೂಲೆ ಸೇರುವುದಕ್ಕೆ ಅರ್ಧ ಕಾರಣ ಇದೇ!

● ಬಾಣಂತಿಗೆ ಕೊಡುವುದು ಎರಡು ಬಗೆಯ ಮಾತ್ರೆ, ಒಂದು ಕಬ್ಬಿಣದ್ದು, ಇನ್ನೊಂದು ಕ್ಯಾಲ್ಸಿಯಂನದು. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡರೆ ಕ್ಯಾಲ್ಸಿಯಂ ಕಬ್ಬಿಣದ ದಾರಿಗೆ ಅಡ್ಡ ನಿಲ್ಲುತ್ತದೆ. ನಡುವೆ ಎರಡು ಗಂಟೆಯಾದರೂ ಬಿಡಿ. ಕಬ್ಬಿಣದ ಮಾತ್ರೆಯನ್ನು ಹಾಲಿನ ಜೊತೆ ನುಂಗಬಾರದು ಎನ್ನುವುದೂ ಇದಕ್ಕೇ.

● ಸಕಲೇಶಪುರ, ಬೇಲೂರು, ಆಲೂರುಗಳಲ್ಲಿ ಕಾಫಿ ಬೆಳೆಯುವ ಜಿಲ್ಲೆಯವರಿಗೆ ಈ ಮಾತು ಕಹಿ. ಊಟದ ಜೊತೆ ಕುಡಿದ ಒಂದು ಲೋಟ ಕಾಫಿ ಕಬ್ಬಿಣ ಹೀರುವುದನ್ನು ಸುಮಾರು ಶೇಕಡ 40 ತಗ್ಗಿಸುತ್ತದೆ. ಚಹಾ ಶೇಕಡ 60ಕ್ಕಿಂತಲೂ ಹೆಚ್ಚು ತಗ್ಗಿಸುತ್ತದೆ ಎಂದು 1983ರ ಪ್ರಯೋಗವೊಂದು ಕಂಡುಕೊಂಡಿತು. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೂ ಕಾಫಿಯ ಅಡ್ಡಗಾಲು ಅಷ್ಟೇ! ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಮಾತ್ರ ತೊಂದರೆ ಕಾಣಲಿಲ್ಲ. ಬಾಣಂತಿಯ ಕಾಫಿ ಬಿಡಿಸಬೇಕಾಗಿಲ್ಲ, ಹೊತ್ತು ಬದಲಿಸಿದರೆ ಸಾಕು.

● ರಾಗಿಯಲ್ಲಿ 100 ಗ್ರಾಂಗೆ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದೆ. ಆದರೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಗಂಟುಕಟ್ಟಿ ಹಿಡಿದುಕೊಳ್ಳುತ್ತದೆ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿದರೆ ಆ ಗಂಟು ಸಡಿಲಾಗುತ್ತದೆ. ಮಗುವಿನ ಸರಿಗೆಂದು ಮಾಡಿಟ್ಟ ಹಿಟ್ಟಿನಲ್ಲಿ ತಾಯಿಗೂ ಒಂದು ಪಾಲು ಇರಲಿ.

● ‘ಸೊಪ್ಪು ನಂಜು, ಕೂಸಿಗೆ ಹಸಿರು ಭೇದಿಯಾಗುತ್ತೆ’ ಎಂದು ಬಾಣಂತಿಗೆ ಸೊಪ್ಪು ಮುಟ್ಟಿಸದ ಮನೆಗಳು ಇನ್ನೂ ಇವೆ. ತಾಯಿ ಸೊಪ್ಪು ತಿಂದರೆ ಮಗುವಿಗೆ ಭೇದಿಯಾಗುವುದಿಲ್ಲ. ನಮ್ಮ ಬಸ್ಸಾರಿನ ಜಾಣತನ ನೋಡಿ: ಕಾಳು, ಸೊಪ್ಪು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಅದರಲ್ಲೇ ಸಾರು ಮಾಡುತ್ತೇವೆ. ನೀರಿಗಿಳಿದ ಫೋಲೇಟ್ ತಟ್ಟೆಗೇ ಮರಳುತ್ತದೆ. ಹುರುಳಿಕಾಳು, ದಂಟಿನ ಸೊಪ್ಪಿನ ಬಸ್ಸಾರಾದರೆ ಇನ್ನೂ ಒಳ್ಳೆಯದು. ಬಡಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ, ಅದರ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಸಾರು ಕುದಿಯುವಾಗ ಹಿಂಡಿದರೆ ಅದು ಶಾಖಕ್ಕೆ ಹಾಳಾಗುತ್ತದೆ.

● ಬೀಟ್‌ರೂಟ್ ಕೆಂಪಗಿದೆ ಎಂದು ರಕ್ತ ಹೆಚ್ಚುವುದಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಬಣ್ಣ ನೋಡಿ ಮೋಸಹೋಗುವವರಿಗೆ ಕಪ್ಪಗಿರುವ ಹುಚ್ಚೆಳ್ಳು ಕಾಣುವುದೇ ಇಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಈ ಬೆಳೆಯ ಕಾಳಿನಲ್ಲಿ ಬೀಟ್‌ರೂಟಿನ ಹತ್ತು ಪಟ್ಟಿಗೂ ಮಿಕ್ಕಿ ಕಬ್ಬಿಣವಿದೆ. ಹುಚ್ಚೆಳ್ಳಿನ ಚಟ್ನಿಪುಡಿ ಬಾಣಂತಿಯ ತಟ್ಟೆಗೂ ಬರಲಿ.

● ಹಾಸನದ ಆಲೂಗಡ್ಡೆ ಹೆಸರುವಾಸಿ. ಆಲೂಗಡ್ಡೆಯಲ್ಲಿ ಕಬ್ಬಿಣ ಕಡಿಮೆ. ಆದರೆ ಸಿ ಜೀವಸತ್ವ ಇರುವುದರಿಂದ ಪಕ್ಕದ ಸೊಪ್ಪಿನ ಕಬ್ಬಿಣ ಹೀರಲು ಕೈಜೋಡಿಸುತ್ತದೆ. ‘ಬಾಣಂತಿಗೆ ವಾಯು’ ಎಂದು ತೆಗೆದಿಟ್ಟ ಆಲೂಗಡ್ಡೆ ಇಂಥ ನಂಟ. ಸೀಬೆಹಣ್ಣು, ನೆಲ್ಲಿಕಾಯಿ ಇದಕ್ಕಿಂತ ಬಲವಾದ ನಂಟರು.

● ಮಾಂಸದಲ್ಲಿರುವ ಕಬ್ಬಿಣ ಸೊಪ್ಪು ಕಾಳುಗಳದ್ದಕ್ಕಿಂತ ಸಲೀಸಾಗಿ ಮೈಗೆ ಹತ್ತುತ್ತದೆ. ತಿನ್ನುವವರ ಮನೆಯಲ್ಲಿ ಬಾಣಂತಿಗೆ ಮೂಳೆಸಾರು ಮಾತ್ರ ಕೊಟ್ಟು ತುಂಡನ್ನು ಗಂಡಸರ ತಟ್ಟೆಗೆ ಹಾಕುವುದುಂಟು. ಕಬ್ಬಿಣ ಇರುವುದು ಲಿವರ್‌ನಲ್ಲಿ, ಕೆಂಪು ಮಾಂಸದಲ್ಲಿ. ಬರೀ ಸಾರಿನಲ್ಲಿ ಅಲ್ಲ.

● ಕಬ್ಬಿಣದ ಬಾಣಲೆಯಲ್ಲಿ ಹುಳಿ ಪದಾರ್ಥ ಬೇಯಿಸಿದರೆ ಬಾಣಲೆಯ ಕಬ್ಬಿಣ ಅಡುಗೆಗಿಳಿಯುತ್ತದೆ. ಕಾಂಬೋಡಿಯಾದಲ್ಲಿ ಇದೇ ಉಪಾಯಕ್ಕೆ ಮೀನಿನ ಆಕಾರದ ಕಬ್ಬಿಣದ ತುಂಡನ್ನು ಪಾತ್ರೆಯೊಳಗೆ ಹಾಕಿ ಕುದಿಸಿದರು. ಅಲ್ಲಿಯವರಿಗೆ ಮೀನು ಅದೃಷ್ಟದ ಗುರುತು. ನಮ್ಮಲ್ಲಿ ನಾನ್‌ಸ್ಟಿಕ್ ಬಂದ ಮೇಲೆ ಅಜ್ಜಿಯ ಬಾಣಲೆ ಅಟ್ಟ ಸೇರಿತು.

● ಪಡಿತರದ ಅಕ್ಕಿ ತೊಳೆಯುವಾಗ ತೇಲುವ ಕೆಲವು ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹೆಕ್ಕಿ ಎಸೆಯುತ್ತೀರಾ? ಅದು ಪ್ಲಾಸ್ಟಿಕ್ ಅಲ್ಲ! ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಅಕ್ಕಿಯಂತೆಯೇ ಒತ್ತಿದ ಸಾರವರ್ಧಿತ ಕಾಳು. ಸಾರವರ್ಧಿತ ಅಕ್ಕಿಯಲ್ಲಿ 100 ಕೆ.ಜಿ.ಗೆ 1 ಕೆ.ಜಿ. ಇಂಥ ಕಾಳು ಇರುತ್ತದೆ. ಅದನ್ನು ಹೆಕ್ಕಿದರೆ ಕಬ್ಬಿಣವನ್ನೇ ತಿಪ್ಪೆಗೆ ಎಸೆದಂತೆ.

● ಹಸಿ ಅಕ್ಕಿ, ಸೀಮೆಸುಣ್ಣ, ಮಣ್ಣು ತಿನ್ನಬೇಕೆನಿಸುವುದು ಬರೀ ಚಟವಲ್ಲ. ಎಷ್ಟೋ ಸಲ ಕಬ್ಬಿಣ ಕಡಿಮೆಯಾದದ್ದರ ಗುರುತು. ನಮ್ಮ ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನಿಂದಲೇ ಬಂದದ್ದು, ನಿಜ. ಆದರೆ ಮಣ್ಣಿನ ಕಬ್ಬಿಣ ಮೈಗೆ ಹತ್ತುವುದಿಲ್ಲ, ಬದಲಿಗೆ ಜಂತುಹುಳು ಹತ್ತುತ್ತದೆ. ಬರಿಗಾಲಿನಲ್ಲಿ ಹೊಲಕ್ಕಿಳಿದರೆ ಕೊಕ್ಕೆಹುಳು ಚರ್ಮದ ಮೂಲಕವೇ ಒಳಹೊಕ್ಕು ಕರುಳಿನಲ್ಲಿ ರಕ್ತ ಹೀರುತ್ತದೆ. ಒಂದು ಜೊತೆ ಚಪ್ಪಲಿಯೂ ರಕ್ತ ಉಳಿಸುತ್ತದೆ.

● ಮಾತ್ರೆಯಲ್ಲಿರುವ ಫೋಲಿಕ್ ಆಮ್ಲದ ಕತೆ ಶುರುವಾದದ್ದು ಮುಂಬೈನಲ್ಲಿ. 1928ರಲ್ಲಿ ಅಲ್ಲಿಗೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಗಿರಣಿಯಲ್ಲಿ ದುಡಿಯುವ ಬಸುರಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು ಕಂಡರು. ಅದರೊಳಗಿದ್ದ ಅಂಶವನ್ನು 1945ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

● ಹಾಲೂಡಿಸುವ ತಾಯಿಗೆ ದಿನಕ್ಕೆ 23 ಮಿಲಿಗ್ರಾಂ ಕಬ್ಬಿಣ ಸಾಕು, ಮುಟ್ಟಾಗುವ ಹೆಂಗಸಿಗೆ 29 ಬೇಕು ಎನ್ನುತ್ತದೆ ಐಸಿಎಂಆರ್‌ನ 2020ರ ಪಟ್ಟಿ. ಹಾಲಿನಲ್ಲಿ ಹೋಗುವ ಕಬ್ಬಿಣ ಅತ್ಯಲ್ಪ. ಹಾಲೂಡಿಸುವಾಗ ಮುಟ್ಟು ತಡವಾಗಿ ಬರುವುದರಿಂದ ಉಳಿತಾಯವೇ ಹೆಚ್ಚು. ‘ರಕ್ತ ಕಮ್ಮಿ ಇದೆ, ಮೊಲೆ ಬಿಡಿಸು’ ಎಂಬ ಮಾತಿಗೆ ಬೆಲೆ ಕೊಡಬೇಡಿ.

● ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸದೆ 1ರಿಂದ 3 ನಿಮಿಷ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಹೊತ್ತಿನಲ್ಲಿ ಮಾಸಿನ ರಕ್ತ ಮಗುವಿಗೆ ಹರಿದು ಅದರ ಕಬ್ಬಿಣದ ಗಂಟು ದೊಡ್ಡದಾಗುತ್ತದೆ.

● ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ಕಣ್ಣು ಕತ್ತಲೆ, ಕಾರಣವಿಲ್ಲದೆ ಅಳು. ಇದನ್ನೆಲ್ಲ ‘ಬಾಣಂತನ ಅಂದ್ರೆ ಹಾಗೇನೇ’ ಎಂದು ತಳ್ಳಿಹಾಕುವುದು ಸುಲಭ. ರಕ್ತ ಕಡಿಮೆಯಾದ ತಾಯಂದಿರಲ್ಲಿ ಮನಸ್ಸು ಕುಗ್ಗುವುದೂ ಹೆಚ್ಚು. ಮನಸ್ಸಿನ ಮಾತಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

● ಮಾತ್ರೆ ಸರಿಯಾಗಿ ನುಂಗಿದರೆ ತಿಂಗಳಿಗೆ 1 ಗ್ರಾಂ ಆದರೂ ಹೆಚ್‌ಬಿ ಏರಬೇಕು. ಏರದಿದ್ದರೆ ಬಿ12 ಕೊರತೆ, ಥಲಸ್ಸೇಮಿಯಾ, ಜಂತುಹುಳು ಏನಾದರೂ ಇದೆಯೇ ಎಂದು ವೈದ್ಯರು ನೋಡುತ್ತಾರೆ. ತೀರಾ ಕಡಿಮೆಯಿದ್ದರೆ ಕಬ್ಬಿಣವನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ, ಬೇಕಾದರೆ ರಕ್ತವನ್ನೇ ಹಾಕುತ್ತಾರೆ. ಹೆಚ್‌ಬಿ ಸರಿಹೋಯಿತೆಂದು ಮಾತ್ರೆ ನಿಲ್ಲಿಸಬಾರದು. ಉಗ್ರಾಣ ತುಂಬಲು ಇನ್ನೂ ಕೆಲವು ತಿಂಗಳು ಬೇಕು.

● 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಗೆ ಔಷಧ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ್ದಕ್ಕೆ ಹಾಸನದ ಹಿಮ್ಸ್ ಬೋಧನಾ ಆಸ್ಪತ್ರೆ ಇದೆ. 2017ರ ಅಕ್ಟೋಬರ್ 2ರಂದು ಶುರುವಾದ ‘ಮಾತೃಪೂರ್ಣ’ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟ ಬಾಣಂತಿಗೂ ಉಂಟು; ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ ಸಹಿತ.

● ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋಗುತ್ತಿದ್ದರೆ, ಎದೆ ನೋವು ಬಂದರೆ, ಕೂತಲ್ಲೇ ಉಸಿರು ಸಿಕ್ಕಿಕೊಂಡರೆ ಅಥವಾ ತಲೆ ತಿರುಗಿ ಬಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

● ಕೊನೆಯದು, ಬಲು ಸುಲಭದ್ದು. ಮಗುವಿಗೆ ಒಂದೂವರೆ ತಿಂಗಳಾದಾಗ ಚುಚ್ಚುಮದ್ದಿಗೆ ಹೇಗೂ ಕರೆದೊಯ್ಯುತ್ತೀರಿ. ಅದೇ ದಿನ, ಅದೇ ಬೆಂಚಿನ ಮೇಲೆ ಕೂತ ತಾಯಿಯೂ ಬೆರಳು ಚಾಚಲಿ. ಒಂದು ಹನಿ ರಕ್ತ ಸಾಕು. ಮಗುವಿನ ತೂಕ ಬರೆಯುವ ನರ್ಸಮ್ಮನಿಗೆ, ‘ನಮ್ಮ ಹುಡುಗಿಯ ಹೆಚ್‌ಬೀನೂ ನೋಡಿ ಬರೀರಿ’ ಎಂದು ಜೊತೆಗೆ ಹೋದ ಅಜ್ಜಿಯೇ ಹೇಳಲಿ.