ಘಾಟಿಯ ಏರೂ ಎಂಜಿನ್ನಿನ ಉಸಿರೂ

ನಿಟ್ಟೂರಿನ ಕಡೆಯಿಂದ ಕೊಡಚಾದ್ರಿಗೆ ಏರುವ ಕೊರಕಲು ದಾರಿಯಲ್ಲಿ, ಮೈತುಂಬ ಯಾತ್ರಿಕರನ್ನು ಹೊತ್ತ ಜೀಪು ಮೊದಲನೆಯ ಗೇರನ್ನು ಬಿಡದೆ, ಅವಸರಪಡದೆ, ಒಂದೇ ಸ್ಥಾಯಿಯ ಧ್ವನಿಯಲ್ಲಿ ಮೇಲೇರುವುದನ್ನು ಕಂಡವರಿಗೆ, ವಾಹನದ ಬಲ ಬೇರೆ, ವೇಗ ಬೇರೆ ಎಂಬುದನ್ನು ವಿವರಿಸಬೇಕಾಗಿಲ್ಲ. ಆದರೂ ಮಲೆನಾಡಿನ ತರುಣರಲ್ಲಿ ಹಳೆಯ ಮಾರುತಿ ಜಿಪ್ಸಿಯೊಂದನ್ನು ಕೊಂಡು, ಚಿಕ್ಕಮಗಳೂರಿನ ತೋಟಗಳ ನಡುವೆ ನಡೆಯುವ ರ್‍ಯಾಲಿಗಳನ್ನು ಕಣ್ತುಂಬಿಕೊಂಡು ಬಂದವರು ಗ್ಯಾರೇಜಿನಲ್ಲಿ ಮೊದಲು ಕೇಳುವ ಮಾತು, ‘ಮ್ಯಾನಿಫೋಲ್ಡ್ ಬದಲಾಯಿಸಿದರೆ ಪಿಕಪ್ ಹೆಚ್ಚುತ್ತದೆಯೆ?’ ಎಂಬುದು. ಹೆಚ್ಚಬಹುದು, ಆದರೆ ಎಲ್ಲಿ ಹೆಚ್ಚುತ್ತದೆ, ಎಲ್ಲಿ ಕುಗ್ಗುತ್ತದೆ ಎಂಬುದನ್ನು ಅರಿಯದೆ ಬದಲಾಯಿಸಿದವನು ಹುಲಿಕಲ್ ಘಾಟಿಯ ಮೊದಲ ತಿರುವಿನಲ್ಲಿಯೇ ಪಶ್ಚಾತ್ತಾಪ ಪಡಬೇಕಾಗುತ್ತದೆ.

ಇನ್‌ಟೇಕ್ ಮ್ಯಾನಿಫೋಲ್ಡ್ ಎಂಬುದು ಹೊರಗಿನ ಗಾಳಿಯನ್ನು ಒಂದು ಬಾಯಿಯಿಂದ ಸ್ವೀಕರಿಸಿ ಎಂಜಿನ್ನಿನ ಸಿಲಿಂಡರುಗಳಿಗೆ ಹಂಚುವ ಕವಲುನಾಳ. ಬಹುಮಟ್ಟಿಗೆ ಅಲ್ಯೂಮಿನಿಯಮ್ ಎರಕದ್ದು, ಈಚಿನ ಕಾರುಗಳಲ್ಲಿ ಪ್ಲಾಸ್ಟಿಕ್ಕಿನದೂ ಉಂಟು. ಹಂಚುವುದೇನು ಮಹಾ ಕಾರ್ಯ ಎನ್ನುವಂತಿಲ್ಲ. 1298 ಸಿ.ಸಿ.ಯ ಜಿಪ್ಸಿ ಎಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಪ್ರತಿಯೊಂದು ಸಿಲಿಂಡರೂ ಸೆಕೆಂಡಿಗೆ 50 ಸಲ ಉಸಿರೆಳೆಯಬೇಕು. ಸಿಲಿಂಡರುಗಳು ಪೂರ್ತಿ ತುಂಬುವುದಾದರೆ ನಾಲ್ಕೂ ಸೇರಿ ಸೆಕೆಂಡಿಗೆ ಸುಮಾರು 65 ಲೀಟರ್ ಗಾಳಿ ಆ ನಾಳದಲ್ಲಿ ಹಾಯಬೇಕು. ಶರಾವತಿ ಜೋಗದ ಅಂಚಿನಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕಾಗಿ ಒಡೆದು 830 ಅಡಿ ಧುಮುಕುವಾಗ ಒಂದು ಕವಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ನೀರು ದೊರೆತರೆ ನೋಡುವವರಿಗೆ ಅದೇ ಚೆಲುವು. ಎಂಜಿನ್ನಿಗೆ ಅದೇ ರೋಗ. ಕಾರ್ಬುರೇಟರಿನ ಎಂಜಿನ್ನಿನಲ್ಲಿ ಗಾಳಿಯೊಡನೆ ಪೆಟ್ರೋಲಿನ ಹನಿಗಳೂ ಇದೇ ನಾಳದಲ್ಲಿ ಸಾಗಬೇಕಾದುದರಿಂದ, ತಿರುವಿನಲ್ಲಿ ಗಾಳಿ ಹೊರಳಿದಷ್ಟು ಸುಲಭವಾಗಿ ಹನಿ ಹೊರಳಲಾರದೆ ಗೋಡೆಗೆ ಬಡಿದು ಹರಿಯುತ್ತದೆ. ಒಂದು ಸಿಲಿಂಡರು ಅತಿಯಾಗಿ ತಿಂದು ಮಸಿಗಟ್ಟುತ್ತದೆ, ಇನ್ನೊಂದು ಹಸಿದು ಕಾಯುತ್ತದೆ. ಅನುಭವಿಯಾದ ಮೆಕ್ಯಾನಿಕ್ ನಾಲ್ಕು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಟ್ಟು ಬಣ್ಣವನ್ನು ನೋಡಿಯೇ ಇದನ್ನು ಹೇಳಬಲ್ಲ: ಕಪ್ಪಾದರೆ ಪೆಟ್ರೋಲು ಹೆಚ್ಚು, ಬೆಳ್ಳಗಾದರೆ ಕಡಿಮೆ, ತಿಳಿಗಂದು ಬಣ್ಣವಾದರೆ ಆರೋಗ್ಯ.

ಇದಕ್ಕಿಂತಲೂ ಸ್ವಾರಸ್ಯವಾದುದು ನಾಳದ ಉದ್ದದ ವಿಚಾರ. ಒಳಗೆ ನುಗ್ಗುತ್ತಿರುವ ಗಾಳಿಯ ಎದುರು ಸಿಲಿಂಡರಿನ ಬಾಯಿಯ ಕವಾಟವು ಫಕ್ಕನೆ ಮುಚ್ಚಿದಾಗ ಅಲ್ಲಿ ಒತ್ತಡವೇರಿ, ಆ ಒತ್ತಡದ ಅಲೆ ಶಬ್ದದ ವೇಗದಲ್ಲಿ ಹಿಂದಕ್ಕೆ ಓಡಿ, ನಾಳದ ತುದಿಯಿಂದ ಪ್ರತಿಫಲಿಸಿ ಮತ್ತೆ ಬರುತ್ತದೆ. ಹೀಗೆ ಓಡಾಡುವ ಅಲೆಯು ಕವಾಟ ಮುಂದಿನ ಸಲ ತೆರೆದಿರುವ ಹೊತ್ತಿಗೆ ಸರಿಯಾಗಿ ಬಂದು ತಲಪುವಂತೆ ಉದ್ದವನ್ನು ಲೆಕ್ಕಹಾಕಿದರೆ, ಯಾವ ಯಂತ್ರದ ನೆರವೂ ಇಲ್ಲದೆ ಸಿಲಿಂಡರಿನೊಳಗೆ ಒಂದಿಷ್ಟು ಹೆಚ್ಚಿನ ಗಾಳಿ ತುಂಬುತ್ತದೆ. ಉದ್ದನೆಯ ನಾಳ ಕಡಿಮೆ ಸುತ್ತಿನಲ್ಲಿ ಈ ಉಪಕಾರ ಮಾಡುತ್ತದೆ, ಗಿಡ್ಡನೆಯದು ಹೆಚ್ಚು ಸುತ್ತಿನಲ್ಲಿ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯು ತನ್ನ 300ಎಫ್ ಕಾರಿನ ವಿ8 ಎಂಜಿನ್ನಿಗೆ ಈ ತತ್ತ್ವದ ಮೇಲೆ 30 ಇಂಚಿನ ನಾಳಗಳನ್ನು ಜೋಡಿಸಿತು. ಅದರದೇ ಇನ್ನೊಂದು, ಹೆಚ್ಚು ವೇಗದ ಮಾದರಿಯಲ್ಲಿ ಹೊರಗಿನ ಆಕಾರ ಹಾಗೆಯೇ ಇದ್ದರೂ ಒಳಗಿನ ತಡೆಗೋಡೆಯನ್ನು ತೆಗೆದುಹಾಕಿ ಪರಿಣಾಮಕಾರಿಯಾದ ಉದ್ದವನ್ನು 15 ಇಂಚಿಗೆ ಇಳಿಸಿದ್ದರು. ಹೊರಗಿನ ರೂಪವನ್ನು ಮಾತ್ರ ನೋಡಿ ಕೊಳ್ಳುವವನು ಅಲ್ಲಿ ಮೋಸ ಹೋಗುವುದು ಖಂಡಿತ. ಬಾಯೊಳಗೆ ಟಾರ್ಚು ಹಾಕಿ ನೋಡಿದವನು ಉಳಿಯುತ್ತಾನೆ. 1991ರಲ್ಲಿ ಲೆ ಮಾನ್ಸ್ ಪಂದ್ಯವನ್ನು ಗೆದ್ದ ಮಜ್ದಾ 787ಬಿ ಕಾರಾದರೋ ಓಡುತ್ತಿರುವಂತೆಯೇ ನಾಳದ ಉದ್ದವನ್ನು ಹಿಗ್ಗಿಸಿ ಕುಗ್ಗಿಸಿಕೊಳ್ಳುವ ಏರ್ಪಾಡನ್ನು ಪಡೆದಿತ್ತು. ನಮಗೆ ಅಷ್ಟು ಭಾಗ್ಯವಿಲ್ಲ, ಒಂದನ್ನು ಆರಿಸಿಕೊಳ್ಳಲೇಬೇಕು. ಆಗುಂಬೆಯ 14 ತಿರುವುಗಳಲ್ಲಿ ಎರಡು ಸಾವಿರ, ಮೂರು ಸಾವಿರ ಸುತ್ತಿನ ನಡುವೆಯೇ ದುಡಿಯುವ ಗಾಡಿಗೆ ಪಂದ್ಯದ ಕಾರಿನ ಗಿಡ್ಡ ನಾಳವನ್ನು ಕೂರಿಸುವುದು, ನನ್ನ ಅಭಿಪ್ರಾಯದಲ್ಲಿ, ದುಡ್ಡು ಕೊಟ್ಟು ಬಲಹೀನತೆಯನ್ನು ಕೊಂಡಂತೆಯೇ ಸರಿ.

ಇನ್ನು ಗುರುತಿಸುವ ಬಗೆ. ಜಿಪ್ಸಿಯ ಬಾಳಿನಲ್ಲಿ ಮೂರು ಎಂಜಿನ್ನುಗಳು ಬಂದುಹೋದುವು: 1985ರ 970 ಸಿ.ಸಿ.ಯದು, 1996ರ 1298 ಸಿ.ಸಿ.ಯ ಎಂಟು ಕವಾಟಗಳದು, 2000ದಲ್ಲಿ ಬಂದ, ಇಂಜೆಕ್ಟರುಗಳಿಂದ ಪೆಟ್ರೋಲು ಚಿಮ್ಮಿಸುವ ಹದಿನಾರು ಕವಾಟಗಳ ಎಂ.ಪಿ.ಎಫ್.ಐ. ಮೊದಲಿನ ಎರಡಕ್ಕೂ ನಾಳದ ನಡುವೆ ಕಾರ್ಬುರೇಟರು ಕೂರುವ ಸಮತಟ್ಟಾದ ಪೀಠವಿರುತ್ತದೆ. ಮೂರನೆಯದರಲ್ಲಿ ಆ ಪೀಠವಿಲ್ಲ, ಬದಲಾಗಿ ಗಾಳಿಯ ಕೋಶವೊಂದು, ಅದರ ಬಾಯಲ್ಲಿ ಥ್ರಾಟಲ್ ಬಾಡಿ, ಕವಾಟಗಳ ಸಮೀಪದಲ್ಲಿ ಸಿಲಿಂಡರಿಗೆ ಒಂದರಂತೆ ಇಂಜೆಕ್ಟರು. ಎಂಟು ಕವಾಟದ ಸಿಲಿಂಡರ್ ಹೆಡ್ಡಿಗೆ ಹದಿನಾರರ ಮ್ಯಾನಿಫೋಲ್ಡ್ ಕೂರುವುದಿಲ್ಲ. ಗುಜರಿಯಲ್ಲಿ ಎಸ್ಟೀಮ್ ಕಾರಿನ ಎಂಜಿನ್ನು ಅಗ್ಗವಾಗಿ ದೊರೆತಾಗಲೂ ಎಚ್ಚರ ಬೇಕು. ವಂಶ ಒಂದೇ ಆದರೂ ಅದು ಎಸ್ಟೀಮಿನಲ್ಲಿ ಅಡ್ಡಲಾಗಿಯೂ ಜಿಪ್ಸಿಯಲ್ಲಿ ಉದ್ದಕ್ಕೂ ಕೂರತಕ್ಕದ್ದಾದುದರಿಂದ ನಾಳದ ಬಾಯಿ ಯಾವ ದಿಕ್ಕಿಗಿದೆ, ಪಕ್ಕದಲ್ಲಿ ಅದಕ್ಕೆ ಎಡೆಯಿದೆಯೆ ಎಂಬುದನ್ನು ಮೊದಲೇ ನೋಡಬೇಕು. ಹೊಸ ಗ್ಯಾಸ್ಕೆಟ್ಟನ್ನು ಹೆಡ್ಡಿನ ಮುಖಕ್ಕೂ ಮ್ಯಾನಿಫೋಲ್ಡಿನ ಮುಖಕ್ಕೂ ಒಂದೊಂದಾಗಿ ಹಿಡಿದು, ಸ್ಟಡ್ಡಿನ ತೂತುಗಳೂ ಗಾಳಿಯ ಕಿಂಡಿಗಳೂ ನೀರಿನ ದಾರಿಯೂ ಹೊಂದುತ್ತವೆಯೆ ಎಂದು ಪರೀಕ್ಷಿಸುವುದಕ್ಕಿಂತ ನಿಶ್ಚಿತವಾದ ಉಪಾಯ ಬೇರೆ ಇಲ್ಲ.

ನೀರಿನ ದಾರಿ ಎಂದೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ, ಹವೆಯಲ್ಲಿ ತೇವ ತುಂಬಿದ್ದರೆ ಹೊರಗೆ 20 ಡಿಗ್ರಿ ಬೆಚ್ಚಗಿದ್ದರೂ ಒಳಗೆ ಮಂಜುಗಡ್ಡೆ ಕಟ್ಟಬಹುದು. ಇದನ್ನು ತಡೆಯುವುದಕ್ಕಾಗಿ ಎಂಜಿನ್ನಿನ ಬಿಸಿನೀರನ್ನು ಮ್ಯಾನಿಫೋಲ್ಡಿನ ಹೊಟ್ಟೆಯಲ್ಲಿ ಹಾಯಿಸುತ್ತಾರೆ. ತಣ್ಣನೆಯ ಗಾಳಿ ಸಾಂದ್ರವೆಂಬ ನಿಜವಾದ ಮಾತನ್ನೇ ಹಿಡಿದುಕೊಂಡು ಕೆಲವರು ಈ ಪೈಪನ್ನು ಕಿತ್ತು ಮುಚ್ಚುತ್ತಾರೆ; ಬಯಲುಸೀಮೆಯ ಬೇಸಗೆಯಲ್ಲಿ ಅದು ನಡೆದೀತು, ಆಷಾಢದ ಹೊಸನಗರದ ಬೆಳಗಿನಲ್ಲಿ ನಡೆಯದು.

ಬದಲಾಯಿಸುವ ಕೆಲಸ ಕಷ್ಟವಲ್ಲ, ತಾಳ್ಮೆಯದು. ಎಂಜಿನ್ನು ಪೂರ್ತಿ ತಣಿದಿರಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ತೆಗೆದು, ಕೂಲಂಟನ್ನು ಮ್ಯಾನಿಫೋಲ್ಡಿನ ಮಟ್ಟಕ್ಕಿಂತ ಕೆಳಕ್ಕೆ ಇಳಿಸಿ, ಸಣ್ಣಪುಟ್ಟ ವ್ಯಾಕ್ಯೂಮ್ ಪೈಪುಗಳಿಗೆಲ್ಲ ಚೀಟಿ ಅಂಟಿಸಿದ ಮೇಲೆಯೇ ಸ್ಪ್ಯಾನರಿಗೆ ಕೈಹಾಕತಕ್ಕದ್ದು. ನಟ್ಟುಗಳನ್ನು ಸಡಿಲಿಸುವುದು ಎರಡು ತುದಿಗಳಿಂದ ನಡುವಿಗೆ, ಬಿಗಿಯುವುದು ನಡುವಿನಿಂದ ತುದಿಗಳಿಗೆ. ಈ ಕ್ರಮ ತಪ್ಪಿದರೆ ಅಲ್ಯೂಮಿನಿಯಮ್ ಸೊಟ್ಟಗಾಗುತ್ತದೆ. ತೆರೆದ ಕಿಂಡಿಗಳಿಗೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಗೀರು ಬೀಳದಂತೆ ಕೆರೆದು ತೆಗೆಯಬೇಕು, ಅನಂತರ ಬಟ್ಟೆಯನ್ನು ಮರೆಯದೆ ಹೊರತೆಗೆಯಬೇಕು. ಕಾರ್ಬುರೇಟರಿನಿಂದ ಎಂ.ಪಿ.ಎಫ್.ಐ.ಗೆ ಹೋಗುವವರಿಗೆ ಇಷ್ಟು ಸಾಲದು; ಹೆಚ್ಚಿನ ಒತ್ತಡದ ಪಂಪು, ಹಿಂತಿರುಗುವ ಪೆಟ್ರೋಲಿನ ಪೈಪು, ಸೆನ್ಸರುಗಳು, ಇಂಜೆಕ್ಟರುಗಳನ್ನು ಆಳುವ ಇ.ಸಿ.ಯು., ಹದಿನಾರು ಕವಾಟದ ಹೆಡ್ಡು ಎಲ್ಲವೂ ಬೇಕಾಗಿ, ಕೊನೆಗೆ ಇಡೀ ಎಂಜಿನ್ನನ್ನೇ ಬದಲಾಯಿಸಿದ ಲೆಕ್ಕವಾಗುತ್ತದೆ. ಆಗ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಆರ್.ಟಿ.ಓ. ಕಚೇರಿಯ ಮೆಟ್ಟಿಲನ್ನೂ ಹತ್ತಬೇಕು.

ಜೋಡಿಸಿ ಸ್ಟಾರ್ಟ್ ಮಾಡಿದ ಕೂಡಲೆ ಐಡ್ಲಿಂಗ್ ಏರಿಳಿಯುತ್ತ ಹಿಸ್ಸೆಂಬ ಸದ್ದು ಕೇಳಿಬಂದರೆ ಸಂದಿಯಲ್ಲಿ ಏರ್ ಲೀಕ್ ಇದೆಯೆಂದು ತಿಳಿಯಬೇಕು. ಲೆಕ್ಕಕ್ಕೆ ಸಿಗದ ಆ ಗಾಳಿ ಮಿಶ್ರಣವನ್ನು ತೆಳುವಾಗಿಸಿ, ಏರಿನಲ್ಲಿ ಕವಾಟವನ್ನು ಸುಡುವವರೆಗೂ ಹೋಗಬಲ್ಲದು. ಹಾಗಾಗಿ ಸಾಗರದಿಂದ ಜೋಗದವರೆಗಿನ ಸಾಧಾರಣ ದಾರಿಯಲ್ಲಿ ಓಡಿಸಿ ನೋಡಿ, ತಣಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ, ನಾಲ್ಕೂ ಪ್ಲಗ್‌ಗಳ ಬಣ್ಣ ಒಂದೇ ತೆರನಾಗಿದ್ದರೆ ಮಾತ್ರ ಘಾಟಿಯ ಕಡೆ ಹೊರಡುವುದು ಲೇಸು.