ಸಮಮಿತಿ ಮತ್ತು ಅಲೆಗಳು: ಒಂದು ಗಣಿತಪ್ರಶ್ನೆಯ ಚರಿತ್ರೆ

ಗಣಿತವು ಕಾಲದ ಹೊರಗಿನ ಶಾಸ್ತ್ರವೆಂದು ಇತಿಹಾಸದ ವಿದ್ಯಾರ್ಥಿಗಳು ಬಗೆಯುವುದುಂಟು. ಆದರೆ ಪ್ರತಿಯೊಂದು ಪ್ರಮೇಯದ ಹಿಂದೆಯೂ ಒಂದು ಪ್ರಶ್ನೆ ಇರುತ್ತದೆ; ಆ ಪ್ರಶ್ನೆಗೆ ಊರೂ ಕಾಲವೂ ಇರುತ್ತವೆ. ಲೀ ಗ್ರೂಪುಗಳ ಸಮಮಿತ ಆಕಾಶಗಳ ಮೇಲಣ ಹಾರ್ಮೋನಿಕ ವಿಶ್ಲೇಷಣೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಬೀದರ ನಗರದ ನಡುವಣ ಚೌಬಾರವು ದುಂಡನೆಯ ಗೋಪುರ. ಬಿಸಿಲಿಗೆ ಅದರ ಒಂದು ಮಗ್ಗುಲು ಕಾಯುತ್ತದೆ, ಇನ್ನೊಂದು ತಂಪಾಗಿರುತ್ತದೆ. ವೃತ್ತದ ಸುತ್ತಣ ಇಂತಹ ಶಾಖವ್ಯತ್ಯಾಸವನ್ನು, ಒಂದು ಸುತ್ತಿನಲ್ಲಿ ಒಮ್ಮೆ, ಎರಡು ಬಾರಿ, ಮೂರು ಬಾರಿ ಏರಿಳಿಯುವ ಸರಳ ಅಲೆಗಳ ಮೊತ್ತವಾಗಿ ಬಿಡಿಸುವ ಕ್ರಮವನ್ನು ಫ್ರಾನ್ಸಿನ ಫೂರ್ಯೇ 1822ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಕಿರಿಯ ಅಲೆಗಳು ಬೇಗ ಅಳಿಯುತ್ತವೆ, ಹಿರಿಯವು ನಿಧಾನವಾಗಿ. ಬಿಡಿಸಿದೊಡನೆ ಶಾಖದ ಮುಂದಿನ ಗತಿ ಲೆಕ್ಕಕ್ಕೆ ಸಿಗುತ್ತದೆ.

ಅಷ್ಟೂರಿನ ಬಹಮನೀ ಗುಮ್ಮಟವನ್ನು ಪೂರ್ಣಗೋಲವಾಗಿ ಭಾವಿಸಿದರೆ ಅಲೆಗಳ ಆಕಾರವೇ ಬೇರೆಯಾಗುತ್ತದೆ. ಭಾಲ್ಕಿಯಿಂದ ಔರಾದದತ್ತ ಹಬ್ಬಿದ ಬಯಲನ್ನು ಕೊನೆಯಿಲ್ಲದ ಸಮತಲವೆಂದೆಣಿಸಿದರೆ ಎಲ್ಲ ಉದ್ದದ ಅಲೆಗಳೂ ಬೇಕಾಗುತ್ತವೆ. ಎಲ್ಲಿ ಯಾವ ಅಲೆಗಳು ಸಲ್ಲುತ್ತವೆಂಬುದನ್ನು ಆ ತಾಣದ ಸಮಮಿತಿಯೇ ನಿರ್ಣಯಿಸುತ್ತದೆ. ಇದೇ ಈ ಶಾಸ್ತ್ರದ ತಿರುಳು. ವೃತ್ತ, ಗೋಲ, ಸಮತಲ ಮೂರೂ ಸಮಮಿತ ಆಕಾಶಗಳು: ಯಾವ ಬಿಂದುವನ್ನು ಹಿಡಿದು ಅದರ ಸುತ್ತಲಿನ ಹಾದಿಗಳನ್ನೆಲ್ಲ ಹಿಮ್ಮುಖಗೊಳಿಸಿದರೂ ದೂರಗಳು ಕೆಡುವುದಿಲ್ಲ. ಅವುಗಳ ಎಡೆಬಿಡದ ಚಲನೆಗಳ ಸಮುದಾಯವೇ ನಾರ್ವೆಯ ಸೋಫುಸ್ ಲೀ ಅವರ ಹೆಸರನ್ನು ಹೊತ್ತ ಲೀ ಗ್ರೂಪು.

ಸಮತಲಕ್ಕಿಂತಲೂ ವೇಗವಾಗಿ ಹರವುಗೊಳ್ಳುವ ಆಕಾಶಗಳೂ ಉಂಟು. ಅಲ್ಲಿ ತ್ರಿಜ್ಯ ಬೆಳೆದಂತೆ ಪರಿಧಿಯು ಘಾತೀಯವಾಗಿ ಹೆಚ್ಚುತ್ತದೆ. ಇಂತಹ ಕಡೆ ಪ್ರತಿಯೊಂದು ಅಲೆಗೂ ಎಷ್ಟು ತೂಕ ಕೊಡಬೇಕು? ಹರೀಶ್‌ಚಂದ್ರರು 1958ರ ಎರಡು ಲೇಖನಗಳಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ದೂರದಲ್ಲಿ ಅಲೆಯು ತಾಳುವ ರೂಪದಿಂದಲೇ ತೂಕವನ್ನು ಅಳೆಯಬಹುದೆಂಬುದು ಅವರ ಮುಖ್ಯ ದೃಷ್ಟಿ. ಅದಕ್ಕೆ ಬೇಕಾದ ಸೂತ್ರವನ್ನು ಗಿಂಡಿಕಿನ್ ಮತ್ತು ಕಾರ್ಪೆಲೆವಿಚ್ 1962ರಲ್ಲಿ ಪೂರ್ಣರೂಪದಲ್ಲಿ ಕೊಟ್ಟರು.

ಹರೀಶ್‌ಚಂದ್ರರು 1923ರಲ್ಲಿ ಕಾನ್ಪುರದಲ್ಲಿ ಜನಿಸಿದವರು. 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಹೋಮಿ ಭಾಭಾ ಅವರೊಡನೆ ಬಿಂದುಕಣಗಳ ಭೌತಸಿದ್ಧಾಂತದಲ್ಲಿ ದುಡಿದರು. 1945ರಲ್ಲಿ ಕೇಂಬ್ರಿಜ್‌ಗೆ ತೆರಳಿ, ಡಿರಾಕ್ ಅವರ ಕೈಕೆಳಗೆ ಲೊರೆಂಟ್ಸ್ ಗ್ರೂಪನ್ನು ಅಭ್ಯಸಿಸಿ 1947ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಅಮೆರಿಕದಲ್ಲಿ ನೆಲೆಸಿ, ಭೌತವಿಜ್ಞಾನವನ್ನು ಬಿಟ್ಟು ಗಣಿತಜ್ಞರಾದರು. 1983ರಲ್ಲಿ ನಿಧನ ಹೊಂದಿದರು. ಬೆಂಗಳೂರಿನಲ್ಲಿ ಜನಿಸಿದ ವಿ. ಎಸ್. ವರದರಾಜನ್ ಅವರು ಗಂಗೊಳ್ಳಿಯವರೊಡನೆ 1988ರಲ್ಲಿ ಈ ಸಿದ್ಧಾಂತವನ್ನು ಕುರಿತು ಗ್ರಂಥವನ್ನು ಹೊರತಂದರು.

ಶಾಖದ ಪ್ರಶ್ನೆಯಿಂದ ಅಲೆಗಳ ಗಣಿತ ಮೊಳೆಯಿತು. ಕಣಗಳ ಪ್ರಶ್ನೆ ಅದನ್ನು ಹೊಸ ಆಕಾಶಗಳಿಗೆ ಒಯ್ದಿತು. ವಿಭಾಗಗಳ ಗೋಡೆಯನ್ನು ದಾಟಿದವರಿಂದಲೇ ಈ ಬೆಳವಣಿಗೆ ಸಾಧ್ಯವಾಯಿತು. ನಮ್ಮ ಜಿಲ್ಲೆಯ ತರಗತಿಗಳಲ್ಲಿ ಇತಿಹಾಸವು ಸುಲ್ತಾನರ ವಂಶಾವಳಿಯಲ್ಲಿಯೇ ನಿಂತು, ಗಣಿತವು ಸೂತ್ರಗಳ ಕಂಠಪಾಠದಲ್ಲಿಯೇ ನಿಂತರೆ, ಇಂತಹ ಪ್ರಶ್ನೆಯನ್ನು ಕೇಳಬಲ್ಲ ವಿದ್ಯಾರ್ಥಿಗೆ ಎರಡು ಕಡೆಯೂ ಸ್ಥಳವಿಲ್ಲದಾಗುತ್ತದೆ. ಬೋಧಕರಾದ ನಾವು ಗಮನಿಸಬೇಕಾದ ಸಂಗತಿ ಇದು.